ಹೆಗಲು ಮುಟ್ಟಿಕೊಂಡವರು

ವೊಲಾಂಗಾಂಗಿನ ಕೋರ್ಟಿನಲ್ಲಿ ನನಗೆ ಹೆಸರಿರಲಿಲ್ಲ.
ಜ್ಯೂರಿ ನಂಬರ್ ಏಳು.
ಎಂಟು ದಿನ. ಕೈಗೊಂದು ನೋಟುಪುಸ್ತಕ, ಮೊಂಡು ಪೆನ್ಸಿಲು,
ಮಧ್ಯಾಹ್ನಕ್ಕೆ ತಣ್ಣಗಿನ ಸ್ಯಾಂಡ್‌ವಿಚ್ಚು.

ನನ್ನ ಕಸುಬು ಹಲ್ಲಿನ ಡಾಕ್ಟರ ಪಕ್ಕ ನಿಂತು
ಎಂಜಲು ಹೀರುವ ಕೊಳವೆ ಹಿಡಿಯುವುದು.
ದಿನಾ ದಾರ ಹಾಕಿ ಉಜ್ಜುತ್ತೇನೆ ಅನ್ನುತ್ತಾರೆ ಎಲ್ಲರೂ,
ಪಾದ್ರಿ, ಪೊಲೀಸು, ಎರಡು ಮಕ್ಕಳ ತಾಯಿ,
ಕಣ್ಣಲ್ಲಿ ಕಣ್ಣಿಟ್ಟು.
ಒಸಡು ಮುಟ್ಟಿದರೆ ರಕ್ತ.
ಅವರೇನು ಕೆಟ್ಟವರಲ್ಲ.
ಸುಳ್ಳಿನ ಗುರುತು ನನಗಿದೆ ಅಂದುಕೊಂಡಿದ್ದೆ.

ಕಟಕಟೆಯಲ್ಲಿ ಬ್ಲಾಗೊಯ ನಾಸ್ಟೆವ್‌ಸ್ಕಿ,
ವಯಸ್ಸು ಅರವತ್ತೆರಡು, ಟೈಲ್ಸ್ ಹಾಕುವವನು,
ಮೂವತ್ತು ವರ್ಷ ಈ ಊರಿನ ಬಚ್ಚಲುಗಳಲ್ಲಿ ಮಂಡಿಯೂರಿದವನು.
ಅವನ ವ್ಯಾನಿನಲ್ಲಿ ಆರು ಚೀಲ ಗ್ರೌಟು.
ಎರಡರೊಳಗೆ ಗ್ರೌಟಲ್ಲ, ಐಸ್:
ತಾನು ಕರಗದೆ ಮನೆಗಳನ್ನು ಕರಗಿಸುವ ಹರಳು.
ಅಕ್ಕನ ಮಗ ಡ್ಯಾಪ್ಟೋದ ಒಂದು ಮನೆಗೆ ಮುಟ್ಟಿಸು ಅಂದ,
ಹೊರಟೆ.
ಅಷ್ಟೇ ಅವನ ಕಥೆ.

ಸರ್ಕಾರಿ ವಕೀಲೆ ದನಿ ಏರಿಸಲಿಲ್ಲ.
ಇಪ್ಪತ್ತು ಕಿಲೋ ಚೀಲ ಹನ್ನೊಂದೇ ತೂಗಿದರೆ
ನಿಮ್ಮ ಕೈಗೆ, ಇಷ್ಟು ವರ್ಷದ ಕೈಗೆ,
ಗೊತ್ತಾಗಲಿಲ್ಲವೇ?
ನೀರು ಕುಡಿದ. ಲೋಟ ನಡುಗಿತು.
ನಾನು ಎತ್ತಲಿಲ್ಲ, ಬೆನ್ನು ಹೋಗಿದೆ, ಹುಡುಗನೇ ತುಂಬಿದ.
ಹಾಗಾದರೆ ಮೊದಲ ದಿನ ಪೊಲೀಸರಿಗೆ
ಅಂಗಡಿಯಿಂದ ನಾನೇ ತಂದೆ ಎಂದದ್ದು?
ಬಹಳ ಹೊತ್ತು ಸುಮ್ಮನಿದ್ದ.
"ಅಕ್ಕ ಇನ್ನೂ ಬದುಕಿದ್ದಾಳೆ," ಅಂದ.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ಈ ಗಾದೆಗೆ ಚಿಕ್ಕಂದಿನಿಂದ ನಕ್ಕವಳು ನಾನು.
ಆವತ್ತು ಬಸ್ಸಿನಲ್ಲಿ ನಗು ಬರಲಿಲ್ಲ.
ಕಳ್ಳ ಎಂದು ಯಾರಾದರೂ ಗಟ್ಟಿಯಾಗಿ ಕೂಗಿದರೆ
ಮುಟ್ಟಿಕೊಳ್ಳದ ಹೆಗಲು ಯಾವುದು?
ಏರ್‌ಪೋರ್ಟಿನಲ್ಲಿ ನಾಯಿ ಮೂಸುತ್ತ ಬಂದಾಗ
ಒಂದು ಬಾಟಲಿ ಉಪ್ಪಿನಕಾಯಿ ಬಿಟ್ಟರೆ ಏನೂ ಇಲ್ಲದ ಬ್ಯಾಗನ್ನು
ಮಗುವಿನಂತೆ ಅವಚಿ ಹಿಡಿದಿದ್ದೆ.

ಅವನು ತಲೆ ಎತ್ತುತ್ತಲೇ ಇರಲಿಲ್ಲ.
ತಪ್ಪು ಮಾಡಿದವನ ನೋಟ, ಎಂದು ಬರೆದುಕೊಂಡು
ಅಡಿಗೆರೆ ಎಳೆದೆ.
ಆರನೆಯ ದಿನ ಅವನ ನೋಟದ ಜಾಡು ಹಿಡಿದು
ನಾನೂ ನೆಲ ನೋಡಿದೆ.
ಸಾಕ್ಷಿಕಟ್ಟೆಯ ಕಾಲ ಬಳಿ ಒಂದು ಟೈಲು
ಕೂದಲೆಳೆಯಷ್ಟು ಸೊಟ್ಟ.
ಆಮೇಲೆ ನನಗೂ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.
ಅಡಿಗೆರೆ ಅಳಿಸಿದೆ.
ಕಳ್ಳನಿಗೂ ಸೊಟ್ಟ ಟೈಲು ಕಾಣುತ್ತದಲ್ಲ,
ಮತ್ತೆ ಹೊಳೆಯಿತು.
ಪೆನ್ಸಿಲು ಕೆಳಗಿಟ್ಟೆ.

ನ್ಯಾಯಾಧೀಶರು ಮಗ್ಗಿ ಹೇಳಿಕೊಡುವವರಂತೆ, ನಿಧಾನ:
ಅವನನ್ನು ನಂಬಿದರೆ, ಬಿಡಿ.
ನಂಬದೆಯೂ, ಹೀಗೂ ಇದ್ದಿರಬಹುದು ಅನ್ನಿಸಿದರೆ, ಬಿಡಿ.
ಒಂದು ಮಾತೂ ನಂಬದಿದ್ದರೆ
ಅವನ ಮಾತನ್ನು ಪಕ್ಕಕ್ಕಿಡಿ,
ಉಳಿದದ್ದು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ನೋಡಿ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಎಂಬುದನ್ನೇ
ಬಿಳಿ ವಿಗ್ಗಿನ ಕೆಳಗಿಂದ ಕೇಳಿದ ಹಾಗಾಯಿತು.

ನಡುವಿನ ಬಾಗಿಲೇ ಕಷ್ಟ.
ಒಳಗೂ ಅಲ್ಲದ ಹೊರಗೂ ಅಲ್ಲದ ಆ ಹೊಸ್ತಿಲ ಮೇಲೆ
ನಿಲ್ಲಬಾರದೆಂದೇ ನಮ್ಮನ್ನು ಬೆಳೆಸಿದ್ದು.

ಕೋಣೆಯೊಳಗೆ ಹನ್ನೆರಡು ಜನ ಏನಾಡಿದೆವು
ಹೇಳುವಂತಿಲ್ಲ, ಕಾನೂನು.
ಗಂಡನಿಗೂ ಹೇಳಿಲ್ಲ.
ಕೆಟಲು ಕೆಟ್ಟಿತ್ತು ಎಂದು ಹೇಳಬಹುದೇನೋ.
ತೀರ್ಪು ಪೇಪರಿನಲ್ಲಿ ಬಂತು, ನಾಲ್ಕು ಸಾಲು,
ಮೀನು ಹಿಡಿಯುವ ಪಂದ್ಯದ ಫೋಟೋ ಕೆಳಗೆ.
ಓದಿದವರಿಗೆ ಗೊತ್ತು.

ಸೋಮವಾರ ಕ್ಲಿನಿಕ್ಕು.
ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಒಬ್ಬ
"ದಿನಾ ಉಜ್ಜುತ್ತೇನೆ," ಅಂದ.
ಒಸಡು ಕೆಂಪಗಿತ್ತು.
ಇರಬಹುದು, ಅಂದೆ,
ಕೊಳವೆ ಹಿಡಿದು ಬಗ್ಗಿದೆ.